ಮುಧೋಳ ಮರಿ ಯಾರಿಂದ ತರುವುದು? ವಂಶದ ಹೆಸರು, ಸಾಕಿದವರ ಹೆಸರು ಅಳೆಯುವ ಬಗೆ

ಮುಧೋಳ ತಳಿಯ ನಾಯಿಮರಿ ಬೇಕೆಂದವರು ಮೊದಲು ಕೇಳುವುದು "ಅಸಲಿ ಜಾತಿ ಯಾರ ಹತ್ತಿರ ಸಿಗುತ್ತದೆ?" ಎಂದು. ಉತ್ತರವೂ ತಯಾರಿರುತ್ತದೆ. ಇಂಥ ಊರು, ಇಂಥ ಕೆನೆಲ್ (ನಾಯಿ ಸಾಕಿ ಮರಿ ಮಾಡಿಸುವ ಮನೆ), ಇಂಥವರ ಲೈನ್, ಅಂದರೆ ವಂಶ. ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಈ ಮರಿಯ ತಾಯಿ ಯಾವುದು? ಅದರ ಹಿಂದಿನ ಸೂಲಿನ ಮರಿಗಳು ಈಗ ಯಾರ ಮನೆಯಲ್ಲಿವೆ, ಹೇಗಿವೆ? ಇದಕ್ಕೆ ತಡವರಿಸದೆ ಉತ್ತರ ಕೊಡುವವರು ಗುಡಿಸಲಲ್ಲಿದ್ದರೂ ಒಳ್ಳೆಯ ಸಾಕಣೆದಾರರು. ಉತ್ತರ ಇಲ್ಲದಿದ್ದರೆ ಶ್ವಾನ ಪ್ರದರ್ಶನದಲ್ಲಿ ಗೆದ್ದ ಕಪ್ಪುಗಳನ್ನು ಗೋಡೆ ತುಂಬ ಜೋಡಿಸಿಟ್ಟವರೂ ಬರೀ ಮಾರಾಟಗಾರರು. ನಮ್ಮಲ್ಲಿ ಸೀರೆಯ ಗಾದೆಯೇ ಇದೆಯಲ್ಲ, ತಾಯಿಯಂತೆ ಮಗಳು, ನೂಲಿನಂತೆ ಸೀರೆ. ನಾಯಿಯ ಮಾತಿಗೆ ಬಂದಾಗ ಮಾತ್ರ ಜನ ನೂಲು ಬಿಟ್ಟು ಅಂಗಡಿಯ ಬೋರ್ಡು ನೋಡುತ್ತಾರೆ.

ಹೊಗಳಿಕೆಯಲ್ಲಿ ಯಾವುದು ತಳಿಯದ್ದು, ಯಾವುದು ಮರಿಯದ್ದು

ಮಾರುವವರು ಹೇಳುವ ಮಾತುಗಳಲ್ಲಿ ನಾಲ್ಕು ಪದೇಪದೇ ಬರುತ್ತವೆ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಮಹಾರಾಜರು ಬ್ರಿಟನ್ನಿನ ಐದನೇ ಜಾರ್ಜ್ ದೊರೆಗೆ ಜೋಡಿ ನಾಯಿ ಕೊಟ್ಟದ್ದು ಒಂದು. 2005ರಲ್ಲಿ ಅಂಚೆ ಇಲಾಖೆ ಈ ನಾಯಿಯ ಚೀಟಿ ಹೊರತಂದದ್ದು ಎರಡು. 2016ರಲ್ಲಿ ಮರಿಗಳು ಮೇರಠಿನ ಸೇನಾ ಕೇಂದ್ರಕ್ಕೆ ತರಬೇತಿಗೆ ಹೋದದ್ದು ಮೂರು. 2020ರ ಆಗಸ್ಟಿನಲ್ಲಿ ಪ್ರಧಾನಿ ತಮ್ಮ ರೇಡಿಯೊ ಭಾಷಣದಲ್ಲಿ ಹೆಸರೆತ್ತಿದ್ದು ನಾಲ್ಕು. ಇವು ತಳಿಗೆ ಸಂದ ಗೌರವಗಳು. ನಿಮ್ಮ ಎದುರಿನ ಬುಟ್ಟಿಯಲ್ಲಿ ಮಲಗಿರುವ ಮರಿಯ ಬಗ್ಗೆ ಒಂದಕ್ಷರವನ್ನೂ ಇವು ಹೇಳುವುದಿಲ್ಲ.

ದೊರೆಯ ಕತೆಯಲ್ಲೇ ಒಂದು ತಮಾಷೆಯಿದೆ. ಉಡುಗೊರೆ ಕೊಟ್ಟದ್ದು 1937ರಲ್ಲಿ ಎಂದು ಬಹಳ ಕಡೆ ಅಚ್ಚಾಗಿದೆ. ಐದನೇ ಜಾರ್ಜ್ ತೀರಿಕೊಂಡದ್ದು 1936ರ ಜನವರಿಯಲ್ಲಿ! ಒಬ್ಬರು ಬರೆದದ್ದನ್ನು ಇನ್ನೊಬ್ಬರು ನಕಲು ಮಾಡುತ್ತ ಬಂದರೆ ಆಗುವುದು ಹೀಗೆಯೇ. ವಂಶದ ಹೆಸರೂ ಬಹುಮಟ್ಟಿಗೆ ಇದೇ ರೀತಿ ಬಾಯಿಂದ ಬಾಯಿಗೆ ಬೆಳೆಯುತ್ತದೆ. "ನಮ್ಮದು ಅರಮನೆ ನಾಯಿಯ ಸಂತತಿ ರೀ" ಎಂದವರಿಗೆ ನಡುವಿನ ತಲೆಮಾರುಗಳನ್ನು ಹೆಸರಿಸಿ ಅನ್ನಿ. ಅಜ್ಜನ ನಾಯಿಯವರೆಗೆ ಹೋಗಿ ನಿಂತರೆ ಅದು ಸಹಜ, ಅಷ್ಟಕ್ಕೇ ಬೆಲೆ ಕಟ್ಟಿ.

ಹೆಸರುಗಳ ಗೊಂದಲವನ್ನೂ ಇಲ್ಲೇ ಬಿಡಿಸಿಕೊಳ್ಳಿ. ಚೆನ್ನೈಯಲ್ಲಿ ಕೇಂದ್ರ ಕಚೇರಿಯಿರುವ ಕೆನಲ್ ಕ್ಲಬ್ ಆಫ್ ಇಂಡಿಯಾ, ಅಂದರೆ ಕೆಸಿಐ, ಇದೇ ನಾಯಿಯನ್ನು ಕ್ಯಾರವಾನ್ ಹೌಂಡ್ ಎಂದು ನೋಂದಾಯಿಸುತ್ತದೆ. ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ ಮುಧೋಳ ಹೌಂಡ್ ಎನ್ನುತ್ತದೆ. ಈ ತಳಿಯಲ್ಲೇ ಕರ್ವಾನಿ ಎಂದರೆ ನುಣುಪು ಕೂದಲಿನದು. ಕಿವಿ, ಬಾಲ, ಕಾಲಿನ ಹಿಂಬದಿಯಲ್ಲಿ ರೇಷ್ಮೆಯಂಥ ಕೂದಲು ಇಳಿಬಿದ್ದದ್ದು ಪಶ್ಮಿ. ಆದ್ದರಿಂದ "ಕ್ಯಾರವಾನ್ ಬೇರೆ, ಮುಧೋಳ ಬೇರೆ, ನಮ್ಮದು ದುಬಾರಿ" ಎನ್ನುವವರ ಬಳಿ ಹೆಚ್ಚು ಹೊತ್ತು ನಿಲ್ಲಬೇಡಿ.

ಕಾಗದ ಏನು ಹೇಳುತ್ತದೆ

ನೋಂದಣಿ ಪತ್ರ ಇಂಥ ತಂದೆಗೆ, ಇಂಥ ತಾಯಿಗೆ, ಇಂಥ ದಿನ ಹುಟ್ಟಿದ್ದು ಎಂದು ಸಾಕಣೆದಾರರು ಬರೆದುಕೊಟ್ಟದ್ದರ ದಾಖಲೆ. ಅದು ಆರೋಗ್ಯದ ಖಾತರಿಯಲ್ಲ, ಗುಣಕ್ಕೆ ಕೊಟ್ಟ ಸರ್ಟಿಫಿಕೇಟೂ ಅಲ್ಲ. ಹಾಗಿದ್ದರೂ ಓದಲು ಬಂದವರಿಗೆ ಅದರಲ್ಲಿ ಬೇಕಾದಷ್ಟು ಸಿಗುತ್ತದೆ.

ಮೂರು ತಲೆಮಾರಿನ ವಂಶಪತ್ರದಲ್ಲಿ ಎಡಕ್ಕೆ ಮರಿಯ ಹೆಸರಿರುತ್ತದೆ. ಬಲಕ್ಕೆ ಹೋದಂತೆ 2, 4, 8, ಒಟ್ಟು 14 ಮನೆಗಳು, ಅಂದರೆ ಹೆಸರು ಬರೆಯುವ ಚೌಕಗಳು. ಮೊದಲು ಬೇರೆಬೇರೆ ಹೆಸರು ಎಷ್ಟಿವೆ ಎಂದು ಎಣಿಸಿ. ಹದಿನಾಲ್ಕಕ್ಕೆ ಹದಿನಾಲ್ಕೂ ಬೇರೆ ಇದ್ದರೆ ಕನಿಷ್ಠ ಮೂರು ತಲೆಮಾರಿನಲ್ಲಿ ರಕ್ತ ಹತ್ತಿರ ಬಂದಿಲ್ಲ. ಒಂದೇ ಹೆಸರು ಮೇಲಿನ ಅರ್ಧದಲ್ಲೂ ಕೆಳಗಿನ ಅರ್ಧದಲ್ಲೂ ಕಂಡರೆ, ಅಂದರೆ ತಂದೆಯ ಕಡೆಯೂ ತಾಯಿಯ ಕಡೆಯೂ ಇದ್ದರೆ, ಲೆಕ್ಕ ಹಾಕಿ. ತಂದೆಯಿಂದ ಆ ಪೂರ್ವಜನಿಗೆ ಎಷ್ಟು ಮೆಟ್ಟಿಲು, ತಾಯಿಯಿಂದ ಎಷ್ಟು ಮೆಟ್ಟಿಲು ಎಂದು ಎಣಿಸಿ ಕೂಡಿಸಿ, ಒಂದು ಸೇರಿಸಿ. ಬಂದ ಸಂಖ್ಯೆಯಷ್ಟು ಸಲ 100ನ್ನು ಅರ್ಧ ಮಾಡುತ್ತ ಹೋಗಿ. ತಂದೆಯ ತಂದೆಯೂ ತಾಯಿಯ ತಂದೆಯೂ ಒಂದೇ ನಾಯಿ ಎಂದುಕೊಳ್ಳಿ. ಒಂದು ಮೆಟ್ಟಿಲು, ಇನ್ನೊಂದು ಮೆಟ್ಟಿಲು, ಮೇಲೊಂದು, ಒಟ್ಟು ಮೂರು. ನೂರು ಐವತ್ತಾಗಿ, ಇಪ್ಪತ್ತೈದಾಗಿ, 12.5ಕ್ಕೆ ಬಂತು. ಅದೇ ನಾಯಿ ಎರಡೂ ಕಡೆ ಮುತ್ತಜ್ಜನಾಗಿದ್ದರೆ 3.125. ತಂದೆ–ಮಗಳು, ಒಡಹುಟ್ಟಿದ ಅಣ್ಣ–ತಂಗಿ ಕೂಡಿದರೆ 25.

ಈ ಅಂಕಿ ಶೇಕಡಾವಾರು. ತಂದೆಯಿಂದಲೂ ತಾಯಿಯಿಂದಲೂ ಒಂದೇ ಪೂರ್ವಜನ ಒಂದೇ ಗುಣಾಣು (ಜೀನ್) ಮರಿಗೆ ಬರುವ ಸಂಭವ ಎಷ್ಟು ಎಂಬುದನ್ನು ಅದು ತೋರಿಸುತ್ತದೆ. ಮುಚ್ಚಿಕೊಂಡಿದ್ದ ದೋಷ ತಲೆಯೆತ್ತುವ ದಾರಿ ಇದೇ. ಅದರ ಜೊತೆಗೆ ಸೂಲಿನಲ್ಲಿ ಮರಿ ಕಡಿಮೆಯಾಗುವುದು, ಹುಟ್ಟಿದ ವಾರದಲ್ಲೇ ಸಾಯುವುದು, ರೋಗ ತಡೆಯುವ ಶಕ್ತಿ ಕುಂದುವುದು ಶುರುವಾಗುತ್ತದೆ. "ಲೈನ್ ಗಟ್ಟಿ ಮಾಡಲು ಹತ್ತಿರದಲ್ಲೇ ಕೂಡಿಸಿದ್ದೇವೆ" ಎನ್ನುವವರು ಯಾವ ಗುಣವನ್ನು ಗಟ್ಟಿ ಮಾಡಲು ಎಂದು ಬಿಡಿಸಿ ಹೇಳಬೇಕು, ಆ ಸೂಲಿನಲ್ಲಿ ಸತ್ತ ಮರಿಗಳ ಲೆಕ್ಕವನ್ನೂ ಕೊಡಬೇಕು. ಅವೆರಡೂ ಇಲ್ಲದಿದ್ದರೆ ಮನೆಯಲ್ಲಿದ್ದ ಗಂಡಿಗೇ ಕೂಡಿಸಿದ್ದಾರೆ, ಬೇರೆ ಗಂಡು ಹುಡುಕಿಕೊಂಡು ಹೋಗುವ ಖರ್ಚು ಉಳಿಸಿದ್ದಾರೆ ಎಂದರ್ಥ.

ಕೆನೆಲ್ ಹೆಸರಿನ ಬಗ್ಗೆಯೂ ಎಚ್ಚರವಿರಲಿ. ನಾಯಿಯ ಹೆಸರಿಗೆ ಅಂಟಿದ ಕೆನೆಲ್ ಹೆಸರು ಅದನ್ನು ಹುಟ್ಟಿಸಿದವರದು, ಈಗ ಸಾಕಿಕೊಂಡವರದಲ್ಲ. ಹೆಸರಾಂತ ಕೆನೆಲ್ಲಿನ ಒಂದು ನಾಯಿ ಮುತ್ತಜ್ಜನ ಮನೆಯಲ್ಲಿ ಕುಳಿತಿದ್ದರೆ ಸಾಕು, ಜಾಹೀರಾತಿನಲ್ಲಿ ಇಡೀ ಸೂಲು "ಆ ಲೈನ್" ಆಗಿಬಿಡುತ್ತದೆ. ಮುತ್ತಜ್ಜನ ಪಾಲು ಎಂಟರಲ್ಲಿ ಒಂದು. ಶ್ವಾನ ಪ್ರದರ್ಶನದಲ್ಲಿ, ಅಂದರೆ ಶೋನಲ್ಲಿ, ಸಿಗುವ ಚಾಂಪಿಯನ್ ಪದವಿಗೂ ಇದೇ ಮಾತು. ಜರ್ಮನ್ ಶೆಫರ್ಡ್ ತುಂಬಿದ ರಿಂಗಿನಲ್ಲಿ ಗೆಲ್ಲುವುದಕ್ಕೂ, ಎರಡೋ ಮೂರೋ ಕ್ಯಾರವಾನ್ ಹೌಂಡ್ ಬಂದ ದಿನ ಗೆಲ್ಲುವುದಕ್ಕೂ ಅಜಗಜಾಂತರವಿದೆ. ಆ ದಿನ ಆ ವರ್ಗದಲ್ಲಿ ಎಷ್ಟು ನಾಯಿ ಇದ್ದವು ಎಂದು ಕೇಳಿ. ಕೇಳಿದ್ದಕ್ಕೆ ಯಾರೂ ಸಿಟ್ಟಾಗಬೇಕಿಲ್ಲ.

ದೇಶಿ ತಳಿಗಳಲ್ಲಿ ಇನ್ನೊಂದು ವಿಶೇಷವಿದೆ. ತಂದೆತಾಯಿಯ ದಾಖಲೆಯಿಲ್ಲದ ನಾಯಿಯನ್ನು ಬಲ್ಲವರು ಮೈಕಟ್ಟು ನೋಡಿ ನೋಂದಣಿಗೆ ಸೇರಿಸಿಕೊಳ್ಳುವುದುಂಟು. ಅಂಥ ನಾಯಿಯ ಹಿಂದಿನ ಮನೆಗಳು ಖಾಲಿ. ಇದು ಕುಂದಲ್ಲ. ಹಳ್ಳಿಯ ಒಳ್ಳೆಯ ರಕ್ತ ಪುಸ್ತಕಕ್ಕೆ ಬರುವ ದಾರಿಯೇ ಅದು. ಆದರೆ ಖಾಲಿ ಮನೆಯನ್ನು ಬಾಯಿಮಾತಿನಿಂದ ತುಂಬಿಸಿದರೆ ನಂಬಬೇಡಿ.

ಮರಿ ಸಿಗುವ ನಾಲ್ಕು ಬಾಗಿಲು

ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಇಲ್ಲಿ ನಿಮಗೆ ಸಿಗುವುದು ದಾಖಲೆ. ಯಾವ ಹೆಣ್ಣಿಗೆ ಯಾವ ಗಂಡು, ಯಾವಾಗ, ಲಸಿಕೆ ಎಷ್ಟಾಗಿದೆ ಎಂಬುದೆಲ್ಲ ಪುಸ್ತಕದಲ್ಲಿರುತ್ತದೆ, ವೈದ್ಯರು ಅಲ್ಲೇ ಇರುತ್ತಾರೆ. ಸಿಗದಿರುವುದು ಆಯ್ಕೆ. ಸರದಿ ಕಾಯಬೇಕು. ನಿಮಗೆ ಹಿಡಿಸಿದ ತಾಯಿಯ ಮರಿಯೇ ಬೇಕು ಎನ್ನುವಂತಿಲ್ಲ. ಕೇಂದ್ರದ ಕೆಲಸ ತಳಿ ಉಳಿಸುವುದು. ಶೋ ಗೆಲ್ಲುವ ನಾಯಿ ಹುಟ್ಟಿಸುವ ಉದ್ದೇಶ ಅದಕ್ಕಿಲ್ಲ. ಮೊದಲ ಸಲ ಈ ತಳಿ ಸಾಕುವವರಿಗೆ ಮೊದಲು ತಟ್ಟಬೇಕಾದ ಬಾಗಿಲು ಇದೇ ಎಂಬುದು ನಮ್ಮ ಅಭಿಪ್ರಾಯ.

ಎರಡನೆಯದು ಮುಧೋಳ, ಲೋಕಾಪುರ, ಜಮಖಂಡಿ ಸುತ್ತಿನ ರೈತರ, ಕುರಿಗಾರರ ಮನೆಗಳು. ತಳಿಯ ಜೀವಾಳ ಇಲ್ಲಿದೆ, ಮೋಸದ ಸಾಧ್ಯತೆಯೂ ಇಲ್ಲಿದೆ. ಒಳ್ಳೆಯ ಮನೆಯಲ್ಲಿ ಎರಡೋ ಮೂರೋ ಹೆಣ್ಣು ನಾಯಿ ಇರುತ್ತವೆ. ಅವುಗಳ ತಾಯಿಯೂ ಮುದಿಯಾಗಿ ಅಂಗಳದಲ್ಲೇ ಬಿದ್ದುಕೊಂಡಿರುತ್ತದೆ. ಹತ್ತು ಹನ್ನೊಂದು ವರ್ಷದ ಅಂಥ ಅಜ್ಜಿ ನಾಯಿ ಕಣ್ಣೆದುರು ನಡೆದಾಡುತ್ತಿದ್ದರೆ ವಂಶದ ಆಯುಸ್ಸಿಗೆ, ಕಾಲಿನ ಗಟ್ಟಿತನಕ್ಕೆ ಬೇರೆ ಸಾಕ್ಷಿ ಬೇಡ. ಯಾವ ಕಾಗದವೂ ಇದಕ್ಕೆ ಸಮನಲ್ಲ. ಇಲ್ಲಿ ಕೊರತೆಯಾಗುವುದು ಬರಹದ್ದು. ಗಂಡು ಯಾರದು ಎಂದರೆ "ಪಕ್ಕದ ಊರಿಂದು" ಎನ್ನುತ್ತಾರೆ. ಹಾಗಿದ್ದರೆ ಪಕ್ಕದ ಊರಿಗೆ ಹೋಗಿ ನೋಡಿ, ಹೇಗೂ ಅಷ್ಟು ದೂರ ಬಂದಿದ್ದೀರಿ. ಹೆಣ್ಣು ಬೆದೆಗೆ ಬಂದಾಗ ಎಲ್ಲಿ ಕಟ್ಟಿದ್ದಿರಿ ಎಂದೂ ಕೇಳಿ. ಬೆದೆ ಸುಮಾರು ಮೂರು ವಾರ ಇರುತ್ತದೆ. ಬಯಲಲ್ಲಿ ಬಿಟ್ಟ ಹೆಣ್ಣಿಗೆ ಒಂದೇ ಸೂಲಿನಲ್ಲಿ ಎರಡು ಗಂಡಿನ ಮರಿ ಆಗಬಹುದು. ಅರ್ಧ ಮರಿ ಮುಧೋಳ, ಅರ್ಧ ಬೀದಿನಾಯಿ ಆಗುವುದು ಹೀಗೆ. ಮಾರಿದವರಿಗೂ ಅದು ಗೊತ್ತಿರುವುದಿಲ್ಲ.

ಇದೇ ಭಾಗದಲ್ಲಿ ಓಟದ ಗೀಳಿನವರೂ ಇದ್ದಾರೆ. ವೇಗಕ್ಕಾಗಿ ವಿದೇಶಿ ಓಟದ ತಳಿ ಗ್ರೇಹೌಂಡಿನ ರಕ್ತ ಬೆರೆಸಿದ ಸಂತತಿ ಮುಧೋಳದ ಹೆಸರಲ್ಲೇ ಮಾರಾಟವಾಗುತ್ತದೆ. ಓಟದಲ್ಲಿ ಗೆದ್ದ ನಾಯಿಯ ಮರಿ ಎಂದಾಗ ವೇಗಕ್ಕೆ ಸಾಕ್ಷಿ ಸಿಕ್ಕಿತು, ಜಾತಿಗೆ ಸಿಗಲಿಲ್ಲ. ಮೊಲ ಹಿಡಿಯುವ ವಿಡಿಯೊ ತೋರಿಸಿ ಲೈನ್ ಹೊಗಳುವವರನ್ನು ಅಲ್ಲಿಗೇ ಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದು ಅಪರಾಧ, ವಿಡಿಯೊ ಎಂದರೆ ತಾನೇ ಬರೆದುಕೊಟ್ಟ ಪುರಾವೆ.

ಮೂರನೆಯದು ಕೆಸಿಐ ನೋಂದಣಿಯಿರುವ ಶೋ ಕೆನೆಲ್. ಚರ್ಮದಡಿ ಇಡುವ ಗುರುತಿನ ಮೈಕ್ರೋಚಿಪ್, ವಂಶಪತ್ರ, ಫೋಟೊ ಎಲ್ಲ ಇರುತ್ತವೆ. ಶೋಗೆ ಹೋಗಬೇಕೆಂದಿದ್ದರೆ ಇದೇ ಸುಲಭದ ದಾರಿ. ತೊಂದರೆ ಏನೆಂದರೆ ನೋಂದಾಯಿತ ನಾಯಿಗಳ ಸಂಖ್ಯೆ ಚಿಕ್ಕದು. ಗೆದ್ದ ಒಂದು ಗಂಡಿಗೆ ಎಲ್ಲರೂ ಸಾಲುಗಟ್ಟಿದರೆ ಎರಡು ತಲೆಮಾರಿನೊಳಗೆ ಎಲ್ಲರ ವಂಶಪತ್ರದಲ್ಲೂ ಅದೇ ಹೆಸರು ಬರುತ್ತದೆ. ಮೇಲಿನ ಲೆಕ್ಕ ಇಲ್ಲಿ ಕಡ್ಡಾಯ.

ನಾಲ್ಕನೆಯದು ದಲ್ಲಾಳಿ, ಪೆಟ್ ಶಾಪ್, ಮೊಬೈಲಿನ ಜಾಹೀರಾತು. ತಾಯಿ ಇಲ್ಲ, ತಂದೆ ಇಲ್ಲ, ಮರಿ ಬಸ್ಸಿನಲ್ಲಿ ಬರುತ್ತದೆ. ಹೋಲಿಸಲು ಇಲ್ಲಿ ಏನೂ ಇಲ್ಲ.

ಹೆಣ್ಣು ನಾಯಿಯ ಲೆಕ್ಕಪುಸ್ತಕ

ಸಾಕಣೆದಾರರನ್ನು ಅಳೆಯಲು 2017ರ ಶ್ವಾನ ಸಂವರ್ಧನೆ ಮತ್ತು ಮಾರಾಟ ನಿಯಮಗಳೇ ಒಳ್ಳೆಯ ಅಳತೆಗೋಲು. ಮರಿ ಹುಟ್ಟಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಹೆಣ್ಣಿಗೆ 18 ತಿಂಗಳು ತುಂಬುವ ಮೊದಲು ಕೂಡಿಸಬಾರದು. 12 ತಿಂಗಳಿಗೆ ಒಂದಕ್ಕಿಂತ ಹೆಚ್ಚು ಸೂಲು, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸೂಲು ಸಲ್ಲದು. 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ.

ಈ ಅಂಕಿಗಳನ್ನು ಇಟ್ಟುಕೊಂಡು ಮಾತಾಡಿಸುತ್ತ ಲೆಕ್ಕ ಹಾಕಿ. ಹದಿನೆಂಟು ತಿಂಗಳಿಗೆ ಕೂಡಿಸಿದರೆ 63 ದಿನಕ್ಕೆ ಮರಿ, ಅಂದರೆ ತಾಯಿಗೆ 20 ತಿಂಗಳು. ಆಮೇಲೆ 32, 44, 56. ನಾಲ್ಕು ವರ್ಷದ ನಾಯಿಗೆ ಹೆಚ್ಚೆಂದರೆ ಮೂರು ಸೂಲು ಆಗಿರಬಹುದು. ಚಹಾ ಕುಡಿಯುತ್ತ "ಇದಕ್ಕೆ ಎಷ್ಟು ವರ್ಷ?" ಎಂದು ಕೇಳಿ, ಹೊರಡುವ ಹೊತ್ತಿಗೆ "ಇದು ಎಷ್ಟನೇ ಸೂಲು?" ಎಂದು ಕೇಳಿ. ನಾಲ್ಕು ವರ್ಷ, ಐದನೇ ಸೂಲು ಎಂದರೆ ಪ್ರತಿ ಬೆದೆಗೂ ಕೂಡಿಸಿದ್ದಾರೆ. ಅಂಥ ತಾಯಿಯ ಮೊಲೆ ಜೋತುಬಿದ್ದಿರುತ್ತವೆ, ಬೆನ್ನು ಬಾಗಿರುತ್ತದೆ, ಹಾಲು ಸಾಲದೆ ಮರಿಗಳು ಒಂದು ದಪ್ಪ, ಒಂದು ಸಣಕಲು ಆಗಿರುತ್ತವೆ.

ಇನ್ನೊಂದು ಲೆಕ್ಕ. ಮೂರು ಹೆಣ್ಣು ಇವೆ ಎಂದರೆ ವರ್ಷಕ್ಕೆ ಮೂರೇ ಸೂಲು. ಅವರ ಬಳಿ ತಿಂಗಳು ತಿಂಗಳೂ ಮರಿ ಸಿಗುತ್ತದೆ ಎಂದಾದರೆ ಉಳಿದವನ್ನು ಹೊರಗಿಂದ ತಂದು ತಮ್ಮ ಹೆಸರಲ್ಲಿ ಮಾರುತ್ತಿದ್ದಾರೆ. "ಈಗಿಲ್ಲ, ಮುಂದಿನ ಬೆದೆಗೆ ಹೇಳುತ್ತೇನೆ" ಎನ್ನುವವರ ನಂಬರ್ ಜೋಪಾನವಾಗಿ ಇಟ್ಟುಕೊಳ್ಳಿ.

ತಾಯಿ ತಂದೆಯ ಮೈ ನೋಡುವುದು

ಅಳತೆ ಟೇಪು, ಒಂದು ನೇರ ಕೋಲು ತೆಗೆದುಕೊಂಡು ಹೋಗಿ. ನಾಯಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಹೆಗಲಿನ ಮೇಲ್ತುದಿಗೆ ಕೋಲು ಅಡ್ಡ ಹಿಡಿದು ನೆಲದವರೆಗೆ ಅಳೆಯಿರಿ. ಕೆಸಿಐ ಮಾನದಂಡದಲ್ಲಿ ಗಂಡು 68ರಿಂದ 72 ಸೆಂ.ಮೀ., ಹೆಣ್ಣು 64ರಿಂದ 68. ಅಳೆಯುವುದು ಮನೆಯವರ ಕೈಯಿಂದಲೇ ಆಗಲಿ. ಈ ನಾಯಿಗೆ ಹೊಸಬರು ಮುಟ್ಟಿದರೆ ಆಗದು. ಇಲ್ಲಿಯೇ ಸ್ವಭಾವದ ಪರೀಕ್ಷೆಯೂ ಮುಗಿಯುತ್ತದೆ. ದೂರ ನಿಂತು ದಿಟ್ಟಿಸಿ ನೋಡುವುದು, ಮುಟ್ಟಹೋದರೆ ಸರಿದು ನಿಲ್ಲುವುದು ತಳಿಯ ಗುಣ. ಬಾಲ ಹೊಟ್ಟೆಗೆ ಒತ್ತಿಕೊಂಡು ನಡುಗುವುದು, ಮೂಲೆ ಸೇರಿ ಕಚ್ಚಲು ಬರುವುದು ಗುಣವಲ್ಲ. ಅದು ಹೆದರಿಕೆ. ತಾಯಿಯ ಹೆದರಿಕೆ ಮರಿಗೆ ರಕ್ತದಿಂದಲೂ ಬರುತ್ತದೆ, ಮೊದಲ ಎಂಟು ವಾರ ನೋಡಿ ಕಲಿತೂ ಬರುತ್ತದೆ.

ತಲೆ ಉದ್ದ, ಕಿರಿದು. ಮೂತಿ ತುದಿಗೆ ಹೋದಂತೆ ಸಣ್ಣದಾಗಬೇಕು. ಕಿವಿ ತ್ರಿಕೋನದಂತಿದ್ದು ತಲೆಗೆ ಒತ್ತಿ ಕೆಳಗೆ ಇಳಿದಿರಬೇಕು. ಹಿಂದಕ್ಕೆ ಮಡಚಿ ಗುಲಾಬಿ ಎಸಳಿನಂತೆ ಸುತ್ತಿದ್ದರೆ, ಜೊತೆಗೆ ಹಿಂದೊಡೆ ಉಬ್ಬಿ ದಪ್ಪಗಿದ್ದರೆ ಗ್ರೇಹೌಂಡಿನ ಗುಮಾನಿ ಇಟ್ಟುಕೊಳ್ಳಿ. ಕಿವಿ ನೆಟ್ಟಗೆ ನಿಂತು ಬಾಲ ಬೆನ್ನಿನ ಮೇಲೆ ಸುರುಳಿಯಾದರೆ ನಾಡುನಾಯಿ ಬೆರೆತಿದೆ. ಎರಡು ತಿಂಗಳ ಮರಿಯಲ್ಲಿ ಇವು ಯಾವುವೂ ತಿಳಿಯುವುದಿಲ್ಲ. ಆಗ ಎಲ್ಲವೂ ಮುದ್ದುಮುದ್ದು, ಮೂತಿ ಮೊಂಡು. ಬೆರಕೆ ಎದ್ದು ಕಾಣುವುದು ಐದಾರು ತಿಂಗಳು ಕಳೆದ ಮೇಲೆ. ಮರಿ ನೋಡಿ ಜಾತಿ ಹೇಳುತ್ತೇನೆ ಎನ್ನುವವರಿಗಿಂತ ಹಿಂದಿನ ಸೂಲಿನ ಒಂದು ವರ್ಷದ ನಾಯಿಯನ್ನು ತೋರಿಸುವವರು ಮೇಲು.

ಬಡಕಲು ಎಂದು ದೂರುವ ಮುನ್ನ ಒಂದು ಮಾತು. ಕೊನೆಯ ಎರಡು ಮೂರು ಪಕ್ಕೆಲುಬು, ಸೊಂಟದ ಎರಡು ಮೂಳೆ ಕಾಣುವುದು ಈ ತಳಿಗೆ ಸರಿಯಾದ ಮೈ. ಬೆನ್ನುಮೂಳೆ ಗರಗಸದಂತೆ ಎದ್ದು, ತೊಡೆಯ ಮಾಂಸ ಒಳಗೆ ಹೋಗಿ, ಕೂದಲಿನ ಹೊಳಪು ಸತ್ತಿದ್ದರೆ ಅದು ಹಸಿವು ಅಥವಾ ಉಣ್ಣೆಹುಳದ ಕಡಿತದಿಂದ ಬರುವ ಜ್ವರ. ತುಟಿ ಎತ್ತಿ ವಸಡು ನೋಡಿ, ತೆಳು ಗುಲಾಬಿ ಇರಬೇಕು. ಸುಣ್ಣದಂತಿದ್ದರೆ ರಕ್ತ ಕಡಿಮೆ. ಮರಿಯ ಮೈ ಸಣ್ಣಗಿದ್ದು ಹೊಟ್ಟೆ ಮಾತ್ರ ಡೋಲಿನಂತಿದ್ದರೆ ಜಂತುಹುಳ.

ತಿಳಿದವರೋ ಅಲ್ಲವೋ ಎಂದು ಪರೀಕ್ಷಿಸಲು ಒಂದು ಪ್ರಶ್ನೆ ಸಾಕು: "ಮುಂದೆ ಇದಕ್ಕೆ ಆಪರೇಷನ್ ಮಾಡಿಸಬೇಕಾದರೆ ಡಾಕ್ಟರಿಗೆ ಏನು ಹೇಳಬೇಕು?" ಮೈಯಲ್ಲಿ ಕೊಬ್ಬಿಲ್ಲದ ಓಟದ ನಾಯಿಗಳಿಗೆ ಥಯೊಪೆಂಟೋನ್ ಥರದ ಅರಿವಳಿಕೆ ಇಳಿಯಲು ಬಹಳ ಹೊತ್ತು ಬೇಕು, ಜೀವಕ್ಕೇ ಸಂಚಕಾರವಾಗಬಹುದು. ವರ್ಷಗಟ್ಟಲೆ ಈ ನಾಯಿ ಸಾಕಿದವರಿಗೆ ಇದು ಗೊತ್ತಿರುತ್ತದೆ.

ಹಳೆಯ ಗಿರಾಕಿಗಳನ್ನು ಮಾತಾಡಿಸುವುದು

ಹೆಸರು ಅಳೆಯುವ ನಿಜವಾದ ಕೆಲಸ ಇದು. ಆದರೆ ಬಹಳ ಮಂದಿ ಮಾಡುವುದಿಲ್ಲ. ಮರಿ ಮನೆಗೆ ಬಂದ ವಾರದಲ್ಲಿ ಹಾಕಿದ ಐದು ನಕ್ಷತ್ರದ ಹೊಗಳಿಕೆಗೆ ಬೆಲೆಯಿಲ್ಲ. ಮರಿ ಆಗ ಇಡೀ ದಿನ ನಿದ್ದೆ ಮಾಡುತ್ತದೆ, ಯಾರದ್ದೇ ಆಗಿರಲಿ ಚೆಂದವೇ. ವಂಶದ ದೋಷ ಹೊರಬೀಳುವುದು ಆರು ತಿಂಗಳಿಂದ ಎರಡು ವರ್ಷದೊಳಗೆ. ಹಾಗಾಗಿ ಎರಡು ವರ್ಷದ ನಾಯಿ ಇಟ್ಟುಕೊಂಡ ಒಬ್ಬರ ಮಾತು ಹೊಸ ಮರಿಯ ಹತ್ತು ಜನರ ಮಾತಿಗಿಂತ ತೂಕದ್ದು.

ಹಿಂದಿನ ಸೂಲಿನ ಎಲ್ಲ ಮನೆಗಳ ನಂಬರ್ ಕೇಳಿ. ಆರು ಮರಿಯಲ್ಲಿ ಇಬ್ಬರದ್ದು ಮಾತ್ರ ಕೊಟ್ಟರೆ ಉಳಿದ ನಾಲ್ಕು ಏನಾದವು ಎಂದು ನಯವಾಗಿ ವಿಚಾರಿಸಿ. ಫೋನಿನಲ್ಲಿ "ನಾಯಿ ಚೆನ್ನಾಗಿದೆಯಾ?" ಎನ್ನಬೇಡಿ, ಎಲ್ಲರೂ ಹೂಂ ಎನ್ನುತ್ತಾರೆ. ಈಗ ಎಷ್ಟು ಎತ್ತರ, ಮೂರ್ಛೆ ಬಂದಿದೆಯೇ, ಮೈಕೂದಲು ಉದುರಿ ಕಜ್ಜಿಯಾಗಿತ್ತೇ, ಗಂಡಾದರೆ ಎರಡೂ ಬೀಜ ಇಳಿದಿವೆಯೇ, ಕೆಳದವಡೆ ಮುಂದೆ ಬಂದಿದೆಯೇ, ಮನೆಗೆ ಬಂದವರನ್ನು ಕಚ್ಚಿದೆಯೇ ಎಂದು ಬಿಡಿಬಿಡಿಯಾಗಿ ಕೇಳಿ. ಚಿಕ್ಕಂದಿನಲ್ಲಿ ಒಂದೆರಡು ಕಡೆ ಬಿಲ್ಲೆಯಷ್ಟು ಕೂದಲು ಉದುರುವ ಡೆಮೊಡೆಕ್ಸ್ ಕಜ್ಜಿ ತಾನಾಗಿ ವಾಸಿಯಾಗುವುದು ಹೆಚ್ಚು. ಮೈತುಂಬ ಹರಡಿದ್ದರೆ ವಂಶದ ಒಲವು ಅದರ ಹಿಂದಿರುತ್ತದೆ. ಗೊತ್ತಿದ್ದೂ ಅದೇ ಜೋಡಿಯನ್ನು ಮತ್ತೆ ಕೂಡಿಸಿದವರ ಮನೆಗೆ ಹೋಗಬೇಡಿ. ಕೊನೆಗೆ, ತೊಂದರೆ ಹೇಳಿಕೊಂಡಾಗ ಮಾರಿದವರು ಫೋನ್ ಎತ್ತಿದರೇ ಎಂದೂ ಕೇಳಿ.

ಸಾವಿನ ಸುದ್ದಿ ಬಂದರೆ ಮರಿ ಮನೆ ಸೇರಿದಾಗಿನಿಂದ ದಿನ ಎಣಿಸಿ. ಪಾರ್ವೊ ಸೋಂಕು ತಗುಲಿದ ಮೂರರಿಂದ ಏಳು ದಿನಕ್ಕೆ ವಾಂತಿ, ರಕ್ತಭೇದಿ ಶುರುವಾಗುವುದು ವಾಡಿಕೆ. ಬೇರೆಬೇರೆ ಊರಿಗೆ ಹೋದ ಎರಡು ಮೂರು ಮರಿಗಳು ಮನೆ ಸೇರಿದ ಮೊದಲ ವಾರದಲ್ಲೇ ಮಲಗಿದ್ದರೆ ಸೋಂಕು ಹೊರಟ ಜಾಗದ್ದು. ಒಂದೇ ಮರಿ, ಒಂದೂವರೆ ತಿಂಗಳ ಮೇಲೆ ಸತ್ತಿದ್ದರೆ ಮಾರಿದವರನ್ನು ದೂರುವುದು ಅನ್ಯಾಯ. ಈ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಕಳೆದ ವರ್ಷ ಪಾರ್ವೊ ಬಂದಿತ್ತು ಎಂದು ತಾವಾಗಿ ಹೇಳಿ, ಅಂಗಳಕ್ಕೆ ಬ್ಲೀಚ್ ಹೊಡೆದು ಜಾಗ ಬದಲಿಸಿದ್ದನ್ನು ತೋರಿಸುವವರ ಮೇಲೆ ನಂಬಿಕೆ ಹೆಚ್ಚಾಗಬೇಕೇ ಹೊರತು ಕಡಿಮೆಯಾಗಬಾರದು. ಇಪ್ಪತ್ತು ವರ್ಷದಿಂದ ಒಂದು ಮರಿಯೂ ಸತ್ತಿಲ್ಲ ಎನ್ನುವವರು ಸುಳ್ಳು ಹೇಳುತ್ತಿದ್ದಾರೆ.

ಒಬ್ಬ ಸಾಕಣೆದಾರರ ಬಗ್ಗೆ ಇನ್ನೊಬ್ಬ ಸಾಕಣೆದಾರರು ಆಡುವ ಮಾತಿನಲ್ಲಿ ಬೈಗುಳ ಸೋಸಿ ತೆಗೆದು, ಉಳಿದದ್ದರಲ್ಲಿ ನಾಯಿಯ ಹೆಸರು, ವರ್ಷ, ದೋಷ ಮೂರೂ ಇದ್ದರೆ ಮಾತ್ರ ಬರೆದುಕೊಳ್ಳಿ. "ಅವನದು ಬರೀ ಕ್ರಾಸ್ ರೀ" ಎಂಬುದು ಮಾಹಿತಿಯಲ್ಲ.

ಅನುಮಾನ ತೀರದಿದ್ದರೆ ಡಿಎನ್ಎ ಇದೆ. ಯಾವುದಕ್ಕೆ ಎಂಬುದು ತಿಳಿದಿರಲಿ. ಈ ಮರಿ ಈ ತಂದೆತಾಯಿಯದೇ ಎಂಬ ಪರೀಕ್ಷೆ, ಮೂರರ ಮಾದರಿಯೂ ಇದ್ದರೆ, ಖಚಿತ ಉತ್ತರ ಕೊಡುತ್ತದೆ. ನೂರಕ್ಕೆ ಎಷ್ಟು ಮುಧೋಳ ಎಂದು ಹೇಳುವ ಪರೀಕ್ಷೆ ಆ ಪ್ರಯೋಗಾಲಯದ ಬಳಿ ಮುಧೋಳದ ಮಾದರಿಗಳು ಎಷ್ಟಿವೆ ಎಂಬುದರ ಮೇಲೆ ನಿಂತಿದೆ. ಇಲ್ಲದಿದ್ದರೆ ಅದು ಹತ್ತಿರದ ಇನ್ನೊಂದು ಓಟದ ತಳಿಯಾದ ಸಲುಕಿಯನ್ನೋ ಗ್ರೇಹೌಂಡನ್ನೋ ತೋರಿಸಿ ಸುಮ್ಮನಾಗುತ್ತದೆ.

ವ್ಯವಹಾರ

ಮರಿ ಹುಟ್ಟುವ ಮೊದಲೇ ಪೂರ್ತಿ ಹಣ ಕೇಳಿದರೆ ಕೊಡಬೇಡಿ. ನೀರಲ್ಲಿರುವ ಎಮ್ಮೆಗೆ ಬೆಲೆ ಕಟ್ಟಿದಂತೆ ಅದು. ಸಣ್ಣ ಮುಂಗಡ, ಮರಿಗೆ ಎಂಟು ವಾರ ತುಂಬಿದ ಮೇಲೆ ಬಾಕಿ. ವಯಸ್ಸಿಗೆ ಬಾಯಿ ಸಾಕ್ಷಿ. ಎಂಟು ವಾರಕ್ಕೆ 28 ಹಾಲುಹಲ್ಲು ಪೂರಾ ಬಂದಿರುತ್ತವೆ. ದವಡೆಯ ಹಿಂಭಾಗ ಇನ್ನೂ ಬೋಳಾಗಿದ್ದರೆ ಮರಿಗೆ ಆರು ವಾರವೂ ಆಗಿಲ್ಲ, ಕಾರ್ಡಿನಲ್ಲಿ ಏನೇ ಬರೆದಿರಲಿ.

ಲಸಿಕೆ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿ. ಪ್ರತಿ ಚುಚ್ಚುಮದ್ದಿನ ಎದುರು ಬಾಟಲಿಯಿಂದ ಕಿತ್ತು ಅಂಟಿಸಿದ ಚೀಟಿ, ಅದರಲ್ಲಿ ಬ್ಯಾಚ್ ಸಂಖ್ಯೆ, ಅವಧಿ, ಪಕ್ಕದಲ್ಲಿ ವೈದ್ಯರ ಸಹಿ, ಪಶುವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು. ಒಂದೇ ಪೆನ್ನಿನಲ್ಲಿ, ಒಂದೇ ಓರೆಯ ಅಕ್ಷರದಲ್ಲಿ ಮೂರು ತಾರೀಕು ಬರೆದು, ಚೀಟಿಯಿಲ್ಲದೆ ಮುದ್ರೆ ಮಾತ್ರ ಒತ್ತಿದ್ದರೆ ಆ ಲಸಿಕೆ ಆಗಿಲ್ಲ ಎಂದೇ ತಿಳಿದು ಮೊದಲಿನಿಂದ ಹಾಕಿಸಿ. ಚಿಪ್ ಇದೆ ಎಂದರೆ ಸ್ಕ್ಯಾನರ್ ಇಟ್ಟು ಓದಿಸಿ, 15 ಅಂಕಿಯೂ ಪತ್ರದ ಅಂಕಿಯೂ ತಾಳೆಯಾಗಬೇಕು. ಖಾಲಿ ಚೀಟಿ ತೋರಿಸಿ "ಚಿಪ್ ಇದೆ" ಎನ್ನುವುದು ಹಳೆಯ ಚಾಳಿ.

ಬಿಳಿ ಹಾಳೆಯಲ್ಲಾದರೂ ಬರೆಸಿಕೊಳ್ಳಿ: ಹುಟ್ಟಿದ ದಿನ, ತಂದೆತಾಯಿಯ ಹೆಸರು ಮತ್ತು ನೋಂದಣಿ ಸಂಖ್ಯೆ, ಚಿಪ್ ಸಂಖ್ಯೆ, ಕೊಟ್ಟ ಹಣ, ಮೂರು ದಿನದೊಳಗೆ ನಿಮ್ಮ ವೈದ್ಯರು ರೋಗವಿದೆ ಎಂದರೆ ಏನು ಮಾಡಬೇಕು, ನೋಂದಣಿ ಪತ್ರ ಯಾವಾಗ ಕೈಗೆ ಬರುತ್ತದೆ. ಹಣ ಕಳಿಸುವ ಖಾತೆಯ ಹೆಸರೂ ಆ ಹಾಳೆಯ ಹೆಸರೂ ಒಂದೇ ಆಗಿರಲಿ.

ಹೊರಡುವ ಮೂರು ನಾಲ್ಕು ತಾಸು ಮೊದಲೇ ಮರಿಗೆ ಊಟ ನಿಲ್ಲಿಸಲು ಹೇಳಿ, ಇಲ್ಲದಿದ್ದರೆ ದಾರಿಯುದ್ದಕ್ಕೂ ವಾಂತಿ. ಬಾಗಲಕೋಟೆಯ ಬಸ್ ನಿಲ್ದಾಣದಲ್ಲಾಗಲಿ ಹೆದ್ದಾರಿ ಬದಿಯ ಢಾಬಾದಲ್ಲಾಗಲಿ ನೆಲಕ್ಕೆ ಬಿಡಬೇಡಿ, ಲಸಿಕೆ ಮುಗಿಯದ ಮರಿಗೆ ಪಾರ್ವೊ ಅಂಟುವುದು ಅಂಥ ಜಾಗದಲ್ಲೇ. ಹೋಗುವಾಗಲೇ ಒಂದು ಹಳೆಯ ಹತ್ತಿ ಬಟ್ಟೆ ಒಯ್ದು, ನೀವು ಮಾತು ಮುಗಿಸುವಷ್ಟು ಹೊತ್ತು ತಾಯಿ ಮಲಗಿದ ಜಾಗದಲ್ಲಿ ಹಾಸಿಡಿ. ಮನೆಗೆ ಬಂದ ಮೇಲೆ ಮರಿಯ ಕೆಳಗೆ ಅದನ್ನೇ ಹಾಸಿ, ಒಂದು ವಾರ ತೊಳೆಯಬೇಡಿ.